ಎಪ್ಪತ್ತೆರಡು ಋತುಗಳ ಲೆಕ್ಕ

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಅಣ್ಣನ ಗೆಳೆಯನದೊಂದು ಮೊಬೈಲ್ ಅಂಗಡಿ ಇದೆ. 2023ರ ಏಪ್ರಿಲ್ 16, ಭಾನುವಾರ ಮಧ್ಯಾಹ್ನ, ಅದರ ಶಟರನ್ನು ಅರ್ಧ ಎಳೆದುಕೊಂಡು ಒಳಗೆ ಐದು ಜನ ಕೂತಿದ್ದೆವು. ಹೊರಗೆ ಚುನಾವಣೆಯ ಆಟೋಗಳು ಗಂಟಲು ಹರಿದುಕೊಳ್ಳುತ್ತಿದ್ದವು. ಒಳಗೆ ಮಾರಾಟಕ್ಕಿಟ್ಟ ಸ್ಪೀಕರಿನಲ್ಲಿ ಮೆಟಾಲಿಕಾದ ಹೊಸ ಆಲ್ಬಂ ‘72 ಸೀಸನ್ಸ್’. ಹನ್ನೆರಡು ಹಾಡು, ಎಪ್ಪತ್ತೇಳು ನಿಮಿಷ. ಹಿಂದಿನ ಶುಕ್ರವಾರವಷ್ಟೇ ಬಿಡುಗಡೆಯಾಗಿತ್ತು. ಎಲ್ಲರೂ ಅವರವರ ಕಿವಿಗೆ ಒಂದೊಂದು ಸಲ ಹಾಕಿಕೊಂಡು ಕೇಳಿಯಾಗಿತ್ತು. ಆದರೆ ಒಟ್ಟಿಗೆ ಕೂತು ಕೇಳದೆ ತೀರ್ಪು ಕೊಡಬಾರದು ಎನ್ನುವುದು ಇವರ ಹಾಸ್ಟೆಲಿನ ಕಾಲದ ಕಾನೂನು.

ಇವರು ಎಂದರೆ ಅಣ್ಣ ಮತ್ತು ಅವನ ಮೂವರು ಗೆಳೆಯರು. 2009ರಲ್ಲಿ ಮೈಸೂರಿನ ಒಂದು ಹಾಸ್ಟೆಲಿನಲ್ಲಿ ಒಂದೇ ರೂಮಿಗೆ ಬಿದ್ದವರು. ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕಿನವರಾದ್ದರಿಂದ ಒಬ್ಬರಿಗೊಬ್ಬರು ಹೆಸರಿಟ್ಟು ಕರೆದದ್ದೇ ಇಲ್ಲ. ಅಂಗಡಿಯವನು ‘ಪಟ್ಟಣ’. ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿರುವವನು ‘ಪಾಂಡವಪುರ’. ಕಿಕ್ಕೇರಿ ಕಡೆಯ, ಈಗ ಹೈಸ್ಕೂಲ್ ಮೇಷ್ಟ್ರಾಗಿರುವವನು ‘ಪೇಟೆ’. ನಮ್ಮಣ್ಣ ‘ನಾಗಮಂಗಲ’. ನನಗೆ ಈ ಗುಂಪಿನಲ್ಲಿ ಊರಿಲ್ಲ, ನಾನು ‘ನಾಗಮಂಗಲದ ತಂಗಿ’.

ಮೆಟಲ್ ನನಗೆ ಬಂದದ್ದು ಎರಡು ಜಿಬಿಯ ಮೆಮೊರಿ ಕಾರ್ಡಿನಲ್ಲಿ. ಹಬ್ಬಕ್ಕೆ ಬಂದ ಅಣ್ಣ ಅದನ್ನು ಮರೆತುಹೋಗಿದ್ದ, ಅಥವಾ ಬಿಟ್ಟುಹೋಗಿದ್ದ. ಹಾಡುಗಳಿಗೆ ಹೆಸರಿರಲಿಲ್ಲ, ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಅಂತಷ್ಟೇ. ಮೆಟಾಲಿಕಾ ಎನ್ನುವುದು ಒಬ್ಬ ಮನುಷ್ಯನ ಹೆಸರು ಎಂದು ನಾನು ಬಹಳ ದಿನ ತಿಳಿದಿದ್ದೆ. ರಾಗಿ ಬೀಸುವ ಮೆಷಿನ್ನಿನ ಹತ್ತಿರ ಕೂತವರಿಗೆ ಆ ಗಿಟಾರಿನ ಸದ್ದು ಹೊಸದಲ್ಲ. ಅದರೊಳಗೂ ಒಂದು ಲಯ ಇದೆ ಎಂದು ಗೊತ್ತಾಗಲು ನನಗೆ ಒಂದು ಬೇಸಿಗೆ ಹಿಡಿಯಿತು. ಅವ್ವ ಒಮ್ಮೆ ಕೇಳಿಸಿಕೊಂಡು, “ಅದ್ಯಾಕವ್ವ ಅವ್ನು ಅಂಗೆ ಅರಚ್ಕತಾವ್ನೆ?” ಎಂದಳು. “ಹೊಟ್ಟೆನೋವು ಕಣವ್ವ ಅವ್ನಿಗೆ” ಎಂದ ಅಣ್ಣ. ಬಹಳ ವರ್ಷದ ಮೇಲೆ ಗೊತ್ತಾಯಿತು, ಆ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡನ ಮನೆಯವರು ಔಷಧಿಯನ್ನೇ ಒಪ್ಪದ ಕ್ರಿಶ್ಚಿಯನ್ ಸೈನ್ಸ್ ಪಂಥದವರು, ಅವನ ತಾಯಿ ಕ್ಯಾನ್ಸರಿನಲ್ಲಿ ತೀರಿಕೊಂಡಾಗ ಅವನಿಗೆ ಹದಿನಾರು ವರ್ಷ. ಅಣ್ಣನ ತಮಾಷೆ ಅಷ್ಟೇನೂ ಸುಳ್ಳಾಗಿರಲಿಲ್ಲ.

2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬೆಂಗಳೂರಿಗೇ ಬಂತು. ಅರಮನೆ ಮೈದಾನ. ಅದೇ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಎಂದು ಹಾಡಿದ್ದರು, 2007ರಲ್ಲಿ ಐರನ್ ಮೇಡನ್ ಬಂದು ಹೋಗಿತ್ತು. ಮೆಟಾಲಿಕಾ ಬರುತ್ತದೋ ಇಲ್ಲವೋ ಎನ್ನುವ ಭಯವೂ ಇತ್ತು, ಯಾಕೆಂದರೆ ಎರಡು ದಿನ ಮುಂಚೆ ಗುರಗಾಂವ್‌ನ ಕಾರ್ಯಕ್ರಮ ಗಲಾಟೆಯಲ್ಲಿ ರದ್ದಾಗಿತ್ತು. ನಾಲ್ವರೂ ರೈಲು ಹತ್ತಿದರು. ನನಗೆ ಹದಿನೈದು, ಎಸ್‌ಎಸ್‌ಎಲ್‌ಸಿ. ನಾನೂ ಬರ್ತೀನಿ ಎಂದೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ಅಣ್ಣ ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ಚಪ್ಪಲಿಯನ್ನೇ ನೋಡಿಕೊಂಡಿದ್ದ. ಅವನು ಒಂದು ಮಾತು ಆಡಬಹುದಿತ್ತು. ಆಡಿದ್ದರೂ ಅಪ್ಪ ಕಳಿಸುತ್ತಿರಲಿಲ್ಲ, ಅದು ಬೇರೆ ವಿಷಯ.

ಮಾರನೆಯ ದಿನ ಸಂಜೆ ಗಂಟಲು ಕಟ್ಟಿ, ಪ್ಯಾಂಟಿನ ತುಂಬ ಕೆಂಪು ಮಣ್ಣು ಮಾಡಿಕೊಂಡು ಬಂದ. ಮೂರು ದಿನ ಸನ್ನೆಯಲ್ಲೇ ಮಾತಾಡಿದ. ವಿಚಿತ್ರ ಎಂದರೆ ಅವರು ವಾಪಸ್ಸು ಬಂದ ಅದೇ ಅಕ್ಟೋಬರ್ 31ಕ್ಕೆ ಮೆಟಾಲಿಕಾ ಮತ್ತು ಲೂ ರೀಡ್ ಸೇರಿ ಮಾಡಿದ ‘ಲೂಲೂ’ ಎಂಬ ಆಲ್ಬಂ ಬಿಡುಗಡೆಯಾಯಿತು. ಲೂ ರೀಡ್ ಹಾಡುವುದಕ್ಕಿಂತ ಹೆಚ್ಚು ಮಾತಾಡುತ್ತಾನೆ, ಹಿಂದೆ ಇವರು ಬಾರಿಸುತ್ತಾರೆ. ಜಗತ್ತಿನ ಅಭಿಮಾನಿಗಳೆಲ್ಲ ಸೇರಿ ಅದನ್ನು ಬೈದರು. ಹಿಂದಿನ ರಾತ್ರಿ ದೇವರನ್ನು ಕಂಡು ಬಂದವರು ಬೆಳಗಾಗುವುದರೊಳಗೆ ದೇವರಿಗೇ ಬೈಯಬೇಕಾಗಿ ಬಂದ ಪ್ರಸಂಗ ಅದು. ‘ಪಟ್ಟಣ’ ಆವತ್ತೇ ತನ್ನ ಕಪ್ಪು ಟೀಶರ್ಟನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದನಂತೆ. ಒಂದು ವಾರದ ಮೇಲೆ ತೆಗೆದನಂತೆ.

ಅಭಿಮಾನಿಗಳು ಬೈಯುವುದು ಈ ಬ್ಯಾಂಡಿಗೆ ಹೊಸದಲ್ಲ. 1984ರಲ್ಲಿ ‘ಫೇಡ್ ಟು ಬ್ಲ್ಯಾಕ್’ ಎಂಬ ಹಾಡು ಮೆದುವಾಗಿ ಶುರುವಾದದ್ದಕ್ಕೇ ಇವರು ಕೆಟ್ಟರು ಎಂದವರಿದ್ದರು. ಆಗ ಬ್ಯಾಂಡಿಗೆ ಮೂರೇ ವರ್ಷ ವಯಸ್ಸು. 1991ರ ಕಪ್ಪು ಅಟ್ಟೆಯ ಆಲ್ಬಂ ಕೋಟಿಗಟ್ಟಲೆ ಮಾರಾಟವಾದದ್ದೇ ಹಳಬರಿಗೆ ದ್ರೋಹದ ಸಾಕ್ಷಿಯಾಯಿತು. 1996ರಲ್ಲಿ ಕೂದಲು ಕತ್ತರಿಸಿಕೊಂಡರು, ಅದಕ್ಕೂ ಬೈಗುಳ. 2003ರ ‘ಸೇಂಟ್ ಆಂಗರ್’ನಲ್ಲಿ ಗಿಟಾರ್ ಸೋಲೋಗಳೇ ಇಲ್ಲ, ಲಾರ್ಸ್ ಉಲ್ರಿಕ್‌ನ ಸ್ನೇರ್ ಡ್ರಮ್ಮು ಖಾಲಿ ಡಾಲ್ಡಾ ಡಬ್ಬ ಬಡಿದಂತೆ ಕೇಳುತ್ತದೆ. ಈ ಕೊನೆಯ ಬೈಗುಳವನ್ನು ನಾನೂ ಒಪ್ಪುತ್ತೇನೆ.

ಅಂಗಡಿಗೆ ಬರೋಣ. ಮೊದಲ ಹಾಡು ಮುಗಿಯುವ ಹೊತ್ತಿಗೇ ‘ಪಟ್ಟಣ’ ತೀರ್ಪು ಕೊಟ್ಟಾಗಿತ್ತು. “ಬ್ಲ್ಯಾಕ್ ಆಲ್ಬಂ ಆದ್ಮೇಲೆ ಇವ್ರು ಸತ್ತೋದ್ರು ಕಣ್ಲಾ. ಇದು ತಿಥಿ.” ಅವನು ಹುಟ್ಟಿದ್ದು 1991ರಲ್ಲಿ. ಎಂದರೆ ಅವನು ಹುಟ್ಟಿದ ವರ್ಷವೇ ಸತ್ತ ಬ್ಯಾಂಡಿಗೆ ಅವನು ಇಷ್ಟು ವರ್ಷ ಅಭಿಮಾನಿಯಾಗಿದ್ದಾನೆ. ನಾನು ಇದನ್ನು ಹೇಳಿದರೆ ನಕ್ಕು, “ಅದ್ಕೇ ಕಣವ್ವ ತಿಥಿಗೆ ಬಂದಿರೋದು” ಎಂದ. ‘ಪಾಂಡವಪುರ’ ಲೆಕ್ಕದ ಮನುಷ್ಯ. ಹಾಡೊಂದಕ್ಕೆ ಎಷ್ಟು ರಿಫ್, ಎಷ್ಟು ಸಲ ತಿರುಗಿ ಬಂತು ಎಂದು ಬೆರಳೆಣಿಸುತ್ತ ಕೂತಿದ್ದ. ಅವನ ಪ್ರಕಾರ ಪ್ರತಿ ಹಾಡಿನಲ್ಲೂ ಎರಡು ನಿಮಿಷ ಕತ್ತರಿಸಿದರೆ ಒಳ್ಳೆಯ ಆಲ್ಬಂ. ಕರ್ಕ್ ಹ್ಯಾಮೆಟ್ ಸೋಲೋ ಶುರುಮಾಡಿ ವಾವಾ ಪೆಡಲ್ ತುಳಿದಾಗಲೆಲ್ಲ ‘ಪಟ್ಟಣ’ ಎಮ್ಮೆಕರುವಿನಂತೆ ಕೂಗಿ ತೋರಿಸುತ್ತಿದ್ದ. ಮೊದಲೇ ನವೆಂಬರಿನಲ್ಲಿ ಬಿಟ್ಟಿದ್ದ ‘ಲಕ್ಸ್ ಈಟರ್ನಾ’ ಬಂದಾಗ ಮಾತ್ರ ನಾಲ್ಕೂ ತಲೆಗಳು ಅಲ್ಲಾಡಿದವು. ಮೂರೂವರೆ ನಿಮಿಷದ ಹಾಡು, ಹುಡುಗರ ಹಾಡು. ಎಂಬತ್ತರ ದಶಕದ ಮೊದಲಲ್ಲಿ ಅವರು ಹೇಗಿದ್ದರೋ ಹಾಗೆ.

ಅಣ್ಣ ಏನೂ ಹೇಳಲಿಲ್ಲ. ಹನ್ನೊಂದು ನಿಮಿಷದ ಕೊನೆಯ ಹಾಡು ‘ಇನಮೊರಾಟ’ ಅರ್ಧಕ್ಕೆ ಬಂದಾಗ ಎದ್ದುಹೋಗಿ ಶಟರಿನಡಿ ಬಗ್ಗಿ, ಹೊರಗೆ ನಿಂತು ಟೀ ಹೇಳಿ ಬಂದ. “ಎಳೀತಾವ್ರೆ” ಎಂದನಷ್ಟೇ.

‘ಪೇಟೆ’ ಒಬ್ಬನಿಗೆ ಆಲ್ಬಂ ಪೂರ್ತಿ ಹಿಡಿಸಿತ್ತು. ಇನ್ನು ಮೂರೂವರೆ ತಿಂಗಳಿಗೆ ಹೆಟ್‌ಫೀಲ್ಡನಿಗೆ ಅರವತ್ತು ತುಂಬುತ್ತದೆ, ನಮ್ಮೂರಾಗಿದ್ದರೆ ಷಷ್ಟ್ಯಬ್ದಿ ಶಾಂತಿ ಮಾಡಿಸುತ್ತಿದ್ದೆವು, ಆ ವಯಸ್ಸಿನಲ್ಲಿ ಕುಡಿತ, ಖಿನ್ನತೆ, ತನ್ನೊಳಗಿನ ಸಿಟ್ಟು ಇವನ್ನೆಲ್ಲ ಮುಚ್ಚಿಡದೆ ಹಾಡಿದ್ದಾನಲ್ಲ, ಇನ್ನೇನು ಬೇಕು ನಿಮಗೆ ಎಂದು ವಾದಿಸಿದ. ಆಮೇಲೆ ಒಂದು ಮಾತು ಹೇಳಿದ: “ನಮ್ಮ ಕಿಕ್ಕೇರಿ ಕವಿಗೂ ಇದ್ನೇ ಮಾಡುದ್ರಲ್ಲ. ಮಲ್ಲಿಗೆ ಕೊಡು, ಮಲ್ಲಿಗೆ ಕೊಡು ಅಂತ.”

ನನ್ನ ಕೈಲಿದ್ದ ಟೀ ಲೋಟ ಅಲ್ಲೇ ನಿಂತಿತು. ನನ್ನ ಪಿಎಚ್‌ಡಿ ಅದರ ಮೇಲೇ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದಾಗ ಅವರಿಗೆ ಇಪ್ಪತ್ತೇಳು ವರ್ಷ. ಹೊಸ ಗಂಡಹೆಂಡಿರ ಮುನಿಸು, ತವರು, ಮಾವನ ಮನೆ. ಕವಿತೆ ಓದದವರ ಮನೆಗೂ ಹೋದ ಪುಸ್ತಕ ಅದು. 1958ರಲ್ಲಿ ‘ಶಿಲಾಲತೆ’, 1960ರಲ್ಲಿ ‘ಮನೆಯಿಂದ ಮನೆಗೆ’ ಬಂದಾಗ ಅವರು ನಲವತ್ತು ದಾಟಿದ್ದರು. ಲಯ ಬೇರೆ, ಮಾತು ಬಿಗಿ, ಬದುಕಿನ ಬಿಸಿಲು ಜಾಸ್ತಿ. ನವ್ಯದ ಗಾಳಿ ಎಂದರು ಕೆಲವರು, ಕವಿ ಬೆಳೆದರು ಎಂದರು ಕೆಲವರು. ಮದುವೆಮನೆಯ ಮೈಕು ಮಾತ್ರ ಮಲ್ಲಿಗೆಯನ್ನೇ ಕೇಳುತ್ತಿತ್ತು. ‘ತೆರೆದ ಬಾಗಿಲು’ ಸಂಕಲನಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2003ರಲ್ಲಿ ಅವರು ತೀರಿಕೊಂಡಾಗಲೂ ಜನ ಕಳೆದುಕೊಂಡದ್ದು ಮಲ್ಲಿಗೆಯ ಕವಿಯನ್ನೇ. ನಾನು ಮೂರು ವರ್ಷದಿಂದ ಸಿನಾಪ್ಸಿಸ್ ತಿದ್ದುತ್ತ ಹೇಳಲು ಒದ್ದಾಡುತ್ತಿದ್ದದ್ದನ್ನು ಒಬ್ಬ ಮೇಷ್ಟ್ರು ಟೀ ಕುಡಿಯುತ್ತ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದ.

ಆ ಹುರುಪಿನಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡಿದೆ. ಆಲ್ಬಮ್ಮಿನ ಹೆಸರಿನ ಅರ್ಥವನ್ನೂ ವಿವರಿಸಿದೆ. ಮನುಷ್ಯನ ಮೊದಲ ಹದಿನೆಂಟು ವರ್ಷ, ವರ್ಷಕ್ಕೆ ನಾಲ್ಕು ಋತುವಿನಂತೆ ಎಪ್ಪತ್ತೆರಡು. ಅಷ್ಟರಲ್ಲಿ ಅಪ್ಪ ಅಮ್ಮ ಹೇಳಿಕೊಟ್ಟದ್ದು, ಹೊಡೆದದ್ದು, ಬಿಟ್ಟುಹೋದದ್ದು, ಅದರಿಂದಲೇ ನಾವು ಯಾರು ಎಂಬ ನಿಜವೋ ಸುಳ್ಳೋ ಆದ ಒಂದು ಅಚ್ಚು ಬೀಳುತ್ತದೆ, ಮಿಕ್ಕ ಆಯುಷ್ಯವೆಲ್ಲ ಅದರೊಂದಿಗಿನ ಗುದ್ದಾಟ ಎನ್ನುವುದು ಹೆಟ್‌ಫೀಲ್ಡನ ವಿಚಾರ. ಅಟ್ಟೆಯ ಮೇಲೆ ಹಳದಿ ಹಿನ್ನೆಲೆಯಲ್ಲಿ ಸುಟ್ಟು ಕರಿಕಾದ ಮಗುವಿನ ಮಂಚ ಇರುವುದು ಅದಕ್ಕೇ ಎಂದೆ.

“ಅಂಗಾರೆ ಹದಿನೆಂಟಕ್ಕೆ ಎಲ್ಲಾ ಮುಗೀತು ಅಂತಾನಾ ಅವ್ನು?” ಎಂದ ಅಣ್ಣ. ಆ ದಿನ ಅವನು ಆಡಿದ ಮೊದಲ ಉದ್ದದ ಮಾತು. “ನಂಗೆ ಸುರುವಾಗಿದ್ದೇ ಹದಿನೆಂಟಕ್ಕೆ.”

ನನಗೆ ಆಗಲೇ ಸುಮ್ಮನಾಗಬೇಕೆಂದು ಹೊಳೆಯಬೇಕಿತ್ತು. ಅಣ್ಣ ಹದಿನೆಂಟಕ್ಕೆ ಮೈಸೂರಿಗೆ ಹೋದವನು. ಮೂರು ವರ್ಷ ಇದ್ದ. 2012ರಲ್ಲಿ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು, ಎಮ್ಮೆಸ್ಸಿಗೆ ಹಾಕಿದ್ದ ಅರ್ಜಿ ಅಲ್ಲೇ ಉಳಿಯಿತು, ಅವನು ತೋಟಕ್ಕೆ ಬಂದ. ಪಟ್ಟಣ, ಪಾಂಡವಪುರದ ಕಡೆ ನಾಲೆ ನೀರು. ನಮ್ಮದು ಮಳೆ ಮತ್ತು ಬೋರ್‌ವೆಲ್ ನಂಬಿದ ಬದುಕು. ತೆಂಗು, ರಾಗಿ, ಎರಡು ಹಸು. ನಾನು ಡಿಗ್ರಿ, ಎಂಎ, ಪಿಎಚ್‌ಡಿ ಎಂದು ಹೋಗುತ್ತಲೇ ಇದ್ದೆ, ಡೇರಿಯ ಹಾಲಿನ ದುಡ್ಡು ನನ್ನ ಖಾತೆಗೆ ಬರುತ್ತಲೇ ಇತ್ತು.

ಇದೆಲ್ಲ ಗೊತ್ತಿದ್ದೂ, ವಾದ ಗೆಲ್ಲುವ ಚಪಲಕ್ಕೆ, ನಾನು ಹೇಳಿಬಿಟ್ಟೆ: “ನಿಮಗ್ಯಾರಿಗೂ ಮೆಟಾಲಿಕಾ ಬೇಡ ಅಣ್ಣಯ್ಯ. ನಿಮ್ಮ ಹಾಸ್ಟೆಲ್ ರೂಮು ಬೇಕು. ಅದನ್ನ ಅವರು ಹೆಂಗೆ ಕೊಡ್ತಾರೆ?”

‘ಪಟ್ಟಣ’ ಜೋರಾಗಿ ನಕ್ಕ. ‘ಪಾಂಡವಪುರ’ ಬೆರಳೆಣಿಸುವುದನ್ನು ನಿಲ್ಲಿಸಿದ. ಅಣ್ಣ ಬೈಕಿನ ಕೀ ತೆಗೆದುಕೊಂಡ.

ಶ್ರೀರಂಗಪಟ್ಟಣದಿಂದ ಪಾಂಡವಪುರ ದಾಟಿ, ಜಕ್ಕನಹಳ್ಳಿ ಹಾದು ನಾಗಮಂಗಲಕ್ಕೆ ಬರುವ ದಾರಿಯುದ್ದಕ್ಕೂ ಅವನು ಒಂದು ಮಾತಾಡಲಿಲ್ಲ. ಗದ್ದೆ ಬಯಲು ಮುಗಿದು ಕಲ್ಲುಗುಡ್ಡಗಳು ಶುರುವಾಗುವ ಜಾಗದಲ್ಲಿ ನಾನು ಹಿಂದಿನಿಂದ, “ಬೇಜಾರಾಯ್ತಾ?” ಎಂದೆ. ಹೆಲ್ಮೆಟ್ಟಿನೊಳಗೆ ಕೇಳಿಸಲಿಲ್ಲವೋ ಏನೋ. ನಾನು ಮತ್ತೆ ಕೇಳಲಿಲ್ಲ.

ಮನೆಗೆ ಬಂದಾಗ ಅವ್ವ, ಎಲ್ಲಿ ಹೋಗಿದ್ದಿರಿ, ಯಾರ ಮನೆ ಹಾಡು ಅದು ಎಂದು ವಿಚಾರಿಸಿದಳು. ಎಪ್ಪತ್ತೆರಡು ಋತುವಿನ ಕಥೆಯನ್ನು ಅವಳಿಗೂ ಹೇಳಿದೆ. ಅವಳು ಹಸುವಿಗೆ ಹುಲ್ಲು ಹಾಕುತ್ತ, “ವರ್ಸಕ್ಕೆ ಆರು ಋತು ಕಣವ್ವ. ಎಪ್ಪತ್ತೆರಡು ಅಂದ್ರೆ ಹನ್ನೆರಡು ವರ್ಸ ಅಲ್ವಾ?” ಎಂದಳು. ನಿಜಕ್ಕೂ ನಮ್ಮ ಮನೆಯಲ್ಲಿ ಯಾರೂ ಋತುವಿನಲ್ಲಿ ಕಾಲ ಎಣಿಸುವುದಿಲ್ಲ, ಮಳೆಯಲ್ಲಿ ಎಣಿಸುತ್ತೇವೆ. ಆಲ್ಬಂ ಬಂದ ಏಪ್ರಿಲ್ 14ರ ಹೊತ್ತಿಗೇ ಅಶ್ವಿನಿ ಮಳೆ ಹುಟ್ಟುತ್ತದೆ. ಆದರೂ ವಸಂತ, ಗ್ರೀಷ್ಮ, ವರ್ಷಾ, ಶರತ್, ಹೇಮಂತ, ಶಿಶಿರ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನಾನೇ. ಅದು ನನಗೆ ಹೊಳೆದಿರಲಿಲ್ಲ.

ರಾತ್ರಿ ಮಲಗಿ ಲೆಕ್ಕ ಹಾಕಿದೆ. 2011ರ ಅಕ್ಟೋಬರಿನಿಂದ 2023ರ ಏಪ್ರಿಲ್‌ಗೆ ಹನ್ನೊಂದೂವರೆ ವರ್ಷ. ನಮ್ಮ ಲೆಕ್ಕದ ಅರವತ್ತೊಂಬತ್ತು ಋತು. ಅಣ್ಣನ ಎಪ್ಪತ್ತೆರಡು ಅರಮನೆ ಮೈದಾನದಿಂದ ಶುರುವಾಗುತ್ತದೆ, ಹೆಟ್‌ಫೀಲ್ಡನದು ತೊಟ್ಟಿಲಿನಿಂದ. ಒಬ್ಬನ ಲೆಕ್ಕ ಇನ್ನೊಬ್ಬನಿಗೆ ಕೂಡುವುದಿಲ್ಲ. ಕೂಡಲಿಲ್ಲ ಎನ್ನುವುದನ್ನೇ ಅವನು ಅಂಗಡಿಯಲ್ಲಿ ಹೇಳಿದ್ದು. ನಾನು ಅದಕ್ಕೆ ಹಳೆಯದರ ಮೋಹ ಎಂದು ಹೆಸರಿಟ್ಟು ಮುಗಿಸಿದ್ದೆ. ನನ್ನ ಸಿನಾಪ್ಸಿಸ್ಸಿನಲ್ಲೂ ಮಲ್ಲಿಗೆ ಕೇಳಿದ ಓದುಗರ ಬಗ್ಗೆ ಅದೇ ಪದ ಇತ್ತು. ಆ ಓದುಗರಲ್ಲಿ ಒಬ್ಬಳು ‘ಶಿಲಾಲತೆ’ ತೆರೆದು, ಇದು ನನ್ನ ಸಂಸಾರದ ಲೆಕ್ಕಕ್ಕೆ ಬರುವುದಿಲ್ಲ ಎಂದು ಮುಚ್ಚಿಟ್ಟಿದ್ದರೆ, ಅವಳಿಗೆ ಹೊಸ ಕವಿತೆ ಅರ್ಥವಾಗಲಿಲ್ಲ ಎಂದು ಬರೆಯಲು ನಾನ್ಯಾರು? ಮೈಸೂರಿಗೆ ಹೋದ ಮೇಲೆ ಆ ಪ್ಯಾರಾ ತೆಗೆದೆ. ಅದರ ಜಾಗಕ್ಕೆ ಏನು ಬರೆಯಬೇಕೆಂದು ಮಾರ್ಗದರ್ಶಕರು ಈಗಲೂ ಕೇಳುತ್ತಿದ್ದಾರೆ.

ಅಣ್ಣನೊಡನೆ ಫೋನಿನಲ್ಲಿ ಹಾಲು, ಹಸು, ಅಪ್ಪನ ಮಾತ್ರೆ ಇಷ್ಟೇ ಮಾತಾಯಿತು. ಆಲ್ಬಂ ಬಗ್ಗೆ ಇಬ್ಬರೂ ಎತ್ತಲಿಲ್ಲ. ನಾನು ಆಮೇಲೂ ಅದನ್ನು ಬಹಳ ಸಲ ಕೇಳಿದೆ. ಪ್ರಾಮಾಣಿಕವಾಗಿ ಹೇಳುವುದಾದರೆ ಆರು ಹಾಡು ಸಾಕಿತ್ತು, ‘ಪಾಂಡವಪುರ’ ಹೇಳಿದ್ದೇ ಸರಿ. ‘ಇನಮೊರಾಟ’ ಮಾತ್ರ ನನಗೆ ದಿನದಿನಕ್ಕೆ ಬೆಳೆಯಿತು.

ಆ ವರ್ಷ ಮಳೆ ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಕಾವೇರಿ ನೀರಿಗಾಗಿ 23ರಂದು ಮಂಡ್ಯ ಬಂದ್ ಆಯಿತು, 29ಕ್ಕೆ ಕರ್ನಾಟಕ ಬಂದ್. ದಸರಾ ರಜೆಗೆ ನಾನು ಊರಿಗೆ ಬಂದಾಗ ತೆಂಗಿನ ಗರಿಗಳು ಜೋತುಬಿದ್ದಿದ್ದವು. ತ್ರೀ ಫೇಸ್ ಕರೆಂಟು ಬರುವುದು ರಾತ್ರಿ ಹೊತ್ತು. ಹನ್ನೊಂದಕ್ಕೆ ಅಣ್ಣ ಬ್ಯಾಟರಿ, ಸನಿಕೆ ಹಿಡಿದು ಹೊರಟಾಗ ನಾನೂ ಹಿಂದೆ ಹೋದೆ. ಬೇಡ ಎನ್ನಲಿಲ್ಲ.

ಮೋಟರ್ ಹಾಕಿ ಬಂದು ಕಾಲುವೆ ಬದುವಿನ ಮೇಲೆ ಕೂತ. ಬೋರಿನ ನೀರು ಹೆಬ್ಬೆರಳು ಗಾತ್ರ ಬರುತ್ತಿತ್ತು. ಜೇಬಿನಿಂದ ಫೋನು ತೆಗೆದು ಹಾಡು ಹಾಕಿ, ಮತ್ತೆ ಜೇಬಿಗೇ ಇಟ್ಟ. ಬಟ್ಟೆಯೊಳಗಿಂದ ಸದ್ದು ಮಂದವಾಗಿ ಬರುತ್ತಿತ್ತು. ಎರಡು ನಿಮಿಷ ಬೇಕಾಯಿತು ನನಗೆ ಗುರುತಿಸಲು.

“ಇದಾ? ಎಳೀತಾವ್ರೆ ಅಂದಿದ್ದೆ?”

“ಎಳೀತಾರೆ, ಇಲ್ಲ ಅಂದ್ನಾ?” ಎಂದ. “ಈಗ ನೀರು ಕಮ್ಮಿ. ಒಂದು ಪಾತಿ ತುಂಬಕ್ಕೆ ಇದು ಸರಿಯಾಗಿ ಒಂದು ಸಲ ಬತ್ತದೆ. ಲಕ್ಸ್ ಈಟರ್ನಾ ಹಾಕುದ್ರೆ ಬುಡವೂ ನೆನೆಯಾಕಿಲ್ಲ.”

“ಮಿಕ್ಕ ಹಾಡು?”

“ದಂಡ.”

ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅಂಗಡಿಯಲ್ಲಿ ನಾನು ಆಡಿದ ಮಾತನ್ನು ಎತ್ತಬೇಕೆಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವನೇ, “ಅವ್ರು ಇನ್ನೊಂದ್ಸಲ ಬೆಂಗ್ಳೂರಿಗೆ ಬಂದ್ರೆ ನೀನೇ ತಗೀಬೇಕು ಟಿಕೆಟ್ಟ. ಇಬ್ರಿಗೂ. ನಿಂಗೆ ಫೆಲೋಶಿಪ್ಪು ಬತ್ತದಲ್ಲ” ಎಂದ. ಐದು ತಿಂಗಳಿಂದ ಅದು ಬಂದಿಲ್ಲ ಎಂದು ಹೇಳಲಿಲ್ಲ. ಆಯ್ತು ಎಂದೆ.

ಹಾಡು ನಡುಭಾಗಕ್ಕೆ ಬಂದಿತ್ತು. ಅಲ್ಲಿ ಗಿಟಾರುಗಳು ಹಿಂದೆ ಸರಿದು ರಾಬರ್ಟ್ ಟ್ರುಹಿಯೊನ ಬೇಸ್ ಒಂದೇ ನಿಧಾನಕ್ಕೆ ನಡೆಯುತ್ತದೆ. ನೀರು ಪಾತಿಗೆ ಬೀಳುವ ಸದ್ದು ಅದಕ್ಕಿಂತ ಜೋರಾಗಿ ಕೇಳುತ್ತಿತ್ತು.

“ತುಂಬ್ತು ನೋಡು. ಮಡೆ ತಿರುಗ್ಸವ್ವ” ಎಂದ. ನಾನು ಸನಿಕೆ ತೆಗೆದುಕೊಂಡು ಎದ್ದೆ.